‘ಇಲ್ಲ’ ಎನ್ನುವ ಮುನ್ನ

ಕಲಾ ವಿದ್ಯಾರ್ಥಿಗೆ ಗಣಕಯಂತ್ರದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಅಕ್ಷರ, ಹೆಸರು, ಅರ್ಥ ಇವು ನಮ್ಮ ಅಭ್ಯಾಸದ ವಿಷಯಗಳೇ ಆಗಿವೆಯಷ್ಟೆ. ನಾನು ಹೇಳಹೊರಟಿರುವುದೂ ಅವುಗಳನ್ನು ಕುರಿತೇ.

ವಿಜಯಪುರದ ಮಗ್ಗುಲಲ್ಲಿರುವ ತೊರವಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅಲ್ಲಿಯ ನರಸಿಂಹನನ್ನು ನೆನೆದು ಕುಮಾರ ವಾಲ್ಮೀಕಿಯು ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿದನು. ಆ ಕಾವ್ಯ ಓಲೆಯನ್ನು ಹತ್ತಿ ಉಳಿಯಿತು, ಅಚ್ಚೂ ಆಯಿತು. ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಪದಗಳ ಪಾಡು ಹಾಗಲ್ಲ. ಹಾಡುವವರು ಹೋದರೆ ಹಾಡೂ ಹೋಗುತ್ತದೆ. ನಾವು ನಾಲ್ವರು ಗೆಳೆಯರು ತೊರವಿಯಲ್ಲಿ ಅಂಥ ಕೆಲವು ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡೆವು.

ಅವು ಎಲ್ಲರಿಗೂ ದೊರೆಯಲೆಂದು ನಾನೊಂದು ಪುಟ್ಟ ‘ಸರ್ವರ್’ ಬರೆದೆ. ಜಾವಾಸ್ಕ್ರಿಪ್ಟ್ 1995ರಲ್ಲಿ ಬ್ರೌಸರಿನ ಭಾಷೆಯಾಗಿ ಹುಟ್ಟಿತು. 2009ರಲ್ಲಿ ರಯಾನ್ ಡಾಲ್ ಎಂಬವರು ನೋಡ್ ಜೆಎಸ್ ರಚಿಸಿದ ಮೇಲೆ ಸರ್ವರಿನ ಕೆಲಸಕ್ಕೂ ಅದರ ಬಳಕೆ ಹಬ್ಬಿತು. ಸರ್ವರಿನ ಕೆಲಸ ಗ್ರಂಥಾಲಯದ ಸಹಾಯಕರದರಂತೆಯೇ. ವಿಳಾಸ ಬಂದೊಡನೆ ಅದನ್ನು ಬಿಡಿಸಬೇಕು: ಯಾವ ಯಂತ್ರ, ಯಾವ ಹಾದಿ, ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ ಯಾವ ಕೋರಿಕೆ ಎಂದು. ಹಾದಿಯಲ್ಲಿ ಎರಡು ಚುಕ್ಕೆಗಳಿದ್ದರೆ ‘ಮೇಲಿನ ಕಪಾಟಿಗೆ ಹೋಗು’ ಎಂದರ್ಥ. ಹೀಗೆ ಏರುತ್ತ ಹೋದವನು ಕಚೇರಿಯ ಕಾಗದಗಳಿಗೂ ಕೈಹಾಕಿಯಾನು. ಆದುದರಿಂದ ಹಾದಿಯು ಹಾಡುಗಳ ಕಪಾಟಿನೊಳಗೇ ಮುಗಿಯುವುದೆಂದು ನೋಡಿಕೊಂಡ ಮೇಲೆಯೇ ಬಾಗಿಲು ತೆರೆಯಬೇಕು. ಕಡತ ಸಿಗದಿದ್ದರೆ 404 ಎಂಬ ಅಂಕೆಯನ್ನು ಕಳುಹಿಸಬೇಕು.

ಎಲ್ಲವೂ ಸರಾಗವಾಗಿ ನಡೆದಿತ್ತು. ಒಂದು ದಿನ ಗೆಳೆಯನ ತಾಯಿ, ತೀರಿಹೋದ ತಮ್ಮ ತಾಯಿಯ ಪದವನ್ನು ಕೇಳಬಯಸಿದರು. ‘ತೊರವಿ’ ಎಂಬ ಹೆಸರಿನ ಕಡತವದು. ಬಂದ ಉತ್ತರ 404. ಮುದ್ರಿಸಿದ ಫೋನು ಆಗಲೇ ಕೆಟ್ಟುಹೋಗಿತ್ತು. “ತಮ್ಮಾ, ನಮ್ಮವ್ವನ ದನಿ ಹೋತೇನು?” ಎಂದು ಅವರು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಕಪಾಟು ತೆರೆದು ನೋಡಿದರೆ ‘ತೊರವಿ’ ಅಲ್ಲಿಯೇ ಇತ್ತು! ಮತ್ತೆ ‘ಇಲ್ಲ’ ಎಂದದ್ದೇಕೆ?

ವಿಳಾಸದಲ್ಲಿ ಕನ್ನಡ ಅಕ್ಷರಗಳು ನೇರವಾಗಿ ಸಾಗುವುದಿಲ್ಲ; ಶೇಕಡಾ ಚಿಹ್ನೆಯ ಸಂಕೇತಗಳಾಗಿ ಸಾಗುತ್ತವೆ. ‘ತೊರವಿ’ ಎಂಬುದು ಯೂನಿಕೋಡಿನ 5 ಘಟಕ, ಯುಟಿಎಫ್-8ರಲ್ಲಿ 15 ಬೈಟು, ವಿಳಾಸದಲ್ಲಿ 45 ಚಿಹ್ನೆ. ಆದರೆ ‘ತೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಒಂದೇ ಘಟಕವಾಗಿ, ಇಲ್ಲವೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ. ಜೋಡಿಸಿ ಬರೆದರೆ ಅದೇ ಹೆಸರು 6 ಘಟಕ, 18 ಬೈಟು. ಆ ಕಡತವೊಂದು ಮಾತ್ರ, ಹೆಸರುಗಳನ್ನು ಹೀಗೆ ಒಡೆದಿಡುವ ಬಗೆಯ ಗಣಕದಿಂದ ಬಂದಿತ್ತು. ಕಣ್ಣಿಗೆ ಒಂದೇ ಆದ ಎರಡು ತೊರವಿಗಳು ಯಂತ್ರಕ್ಕೆ ಎರಡು ಬೇರೆ ಊರುಗಳು!

ಪರಿಹಾರ ಸರಳವಾಗಿತ್ತು. ಜಾವಾಸ್ಕ್ರಿಪ್ಟಿನಲ್ಲಿ ‘ನಾರ್ಮಲೈಸ್’ ಎಂಬ ಸೌಕರ್ಯವಿದೆ. ಕಡತಗಳ ಹೆಸರನ್ನೂ, ಬಿಡಿಸಿದ ವಿಳಾಸವನ್ನೂ ಅದರಿಂದ ಒಂದೇ ರೂಪಕ್ಕೆ ತಂದೆ. ಸಂಜೆ ಆ ತಾಯಿ ಪದವನ್ನು ಕೇಳಿದರು. ಮುಗಿದ ಮೇಲೆ “ಇನ್ನೊಮ್ಮೆ ಹಚ್ಚು” ಎಂದರು.

404 ಎಂದರೆ ‘ನಾನು ಹುಡುಕಿದ ರೀತಿಯಲ್ಲಿ ಸಿಗಲಿಲ್ಲ’ ಎಂದಷ್ಟೇ ಅರ್ಥ. ಯಂತ್ರವು ಅಷ್ಟಕ್ಕೇ ನಿಂತೀತು. ಅಕ್ಷರ ಬಲ್ಲ ನಾವು ನಿಲ್ಲಲಾಗದು. ಮಿತ್ರರೇ, ನಿಮ್ಮ ನಿಮ್ಮ ಊರುಗಳ ಪದಗಳನ್ನೂ ಮುದ್ರಿಸಿ ತನ್ನಿರಿ. ಹೆಸರನ್ನು ಕನ್ನಡದಲ್ಲಿಯೇ ಬರೆಯಿರಿ. ಹುಡುಕಿಕೊಡುವ ಭಾರ ನನಗಿರಲಿ.