ಫ್ರಿಜ್ಜಿನ ಮೇಲಿನ ಚೀಟಿ

ನಾಲ್ಕು ದಿನ ಮನೆ ಬಿಟ್ಟು ಹೊರಡುವಾಗ ನೀವೂ ಚೀಟಿ ಬರೆದಿಟ್ಟು ಹೋಗುತ್ತೀರಲ್ಲವೇ? ಹಾಲು ಇಷ್ಟು, ತುಳಸಿಗೆ ನೀರು, ಬೆಕ್ಕಿಗೆ ಅನ್ನ. ನಾನೂ ಬರೆದಿದ್ದೆ. ಅದರಲ್ಲಿನ ನಾಲ್ಕೇ ನಾಲ್ಕು ಶಬ್ದಗಳಿಂದ ಅತ್ತೆಯವರ ಜೀವಕ್ಕೇ ಸಂಚಕಾರ ಬಂದಿತ್ತು.

ನಮ್ಮದು ಅಂಕೋಲೆ. ಮಗಳು ಕಾರವಾರದಲ್ಲಿ, ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳು ಜ್ವರದಿಂದ ಮಲಗಿದಾಗ, ಎಂಬತ್ತು ದಾಟಿದ ಅತ್ತೆಯವರನ್ನು ಹೊಸ ಕೆಲಸದಾಕೆಗೆ ಒಪ್ಪಿಸಿ ಬಸ್ಸು ಹತ್ತಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಗುಳಿಗೆ ದಿನಕ್ಕೆ ಒಂದೇ. ಚೀಟಿಯಲ್ಲಿ ನಾನು ಬರೆದದ್ದು: "ಊಟಕ್ಕೆ ಮೊದಲು ಒಂದು ಗುಳಿಗೆ."

ನನ್ನ ಮನಸ್ಸಿನಲ್ಲಿದ್ದದ್ದು ಬೆಳಗಿನ ಗಂಜಿಯೂಟ. ಇಷ್ಟು ವರ್ಷ ಅದನ್ನು ಯಾರಿಗೂ ಬಿಡಿಸಿ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಕೆಲಸದಾಕೆ ಪಾಪ, ಬರೆದದ್ದನ್ನು ಬರೆದಂತೆಯೇ ಮಾಡಿದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಒಂಬತ್ತು ಗಂಟೆಯ ಹೊತ್ತಿಗೆ ಅತ್ತೆ ಬೆವರಿ, ಕೈಕಾಲು ನಡುಗಿ, ಮಾತು ತೊದಲತೊಡಗಿದರು. ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಸೇರಿಸಿದರು. ದೇವರು ದೊಡ್ಡವನು, ಉಳಿದುಕೊಂಡರು.

ಮಾರನೆಯ ದಿನ ಬಂದವಳೇ ಕೆಲಸದಾಕೆಯ ಮೇಲೆ ಹರಿಹಾಯ್ದೆ. "ಒಂದ್ ಫೋನ್ ಮಾಡಿ ಕೇಳ್ಬಾರ್ದಿತ್ತಾ?" ಅವಳು ಅತ್ತಳು. ವಾರ ಬಿಟ್ಟು ಅಜ್ಜಿಯನ್ನು ನೋಡಲು ಬಂದ ಮಗಳು ಚೀಟಿ ಓದಿ ಅಂದಳು: "ಆಯಿ, ಅನುಮಾನ ಬಂದ್ರೆ ತಾನೇ ಕೇಳೋದು? ಅವಳಿಗೆ ಅನುಮಾನವೇ ಬರ್ಲಿಲ್ಲ. ನನ್ನ ಕೆಲಸವೂ ಇದೇ ನೋಡು, ಚೀಟಿ ಬರೆಯೋದು."

ಅವಳ ಕೆಲಸವೇನೆಂದು ಆವತ್ತೇ ನನಗೆ ತಿಳಿದದ್ದು. ನೀವು ಫೋನಿನಲ್ಲಿ ಎ.ಐ.ಗೆ ಪ್ರಶ್ನೆ ಕೇಳಿರಬಹುದು. ಏಜೆಂಟ್ ಎಂಬುದು ಉತ್ತರ ಹೇಳಿ ಸುಮ್ಮನಾಗದೆ ಕೆಲಸವನ್ನೂ ಮಾಡಿಬಿಡುತ್ತದೆ: ಪತ್ರ ಕಳಿಸುತ್ತದೆ, ಟಿಕೇಟು ಕಾದಿರಿಸುತ್ತದೆ. ಅದಕ್ಕೆ ಕೈಗಳಿಲ್ಲವಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ಸಾಫ್ಟ್‌ವೇರ್ ಸಲಕರಣೆ ಕೊಟ್ಟಿರುತ್ತಾರೆ. ಸಲಕರಣೆಯ ಒಳಗೇನಿದೆಯೆಂದು ಅದು ಸಾಮಾನ್ಯವಾಗಿ ನೋಡಲಾರದು. ಜೊತೆಗಿಟ್ಟ ಚೀಟಿಯನ್ನೇ ನಂಬಬೇಕು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಎಂಬ ಕಂಪನಿ ಇದಕ್ಕೊಂದು ಪದ್ಧತಿಯನ್ನು ಎಲ್ಲರ ಬಳಕೆಗೆ ಬಿಟ್ಟಿತು, ಎಂ.ಸಿ.ಪಿ. ಎನ್ನುತ್ತಾರೆ. ಅದರಲ್ಲಿ ಸಲಕರಣೆಗೊಂದು ಹೆಸರು, ಏನು ಮಾಡುತ್ತದೆಂಬ ವಿವರಣೆ, ಅದಕ್ಕೆ ಏನೇನನ್ನು ಯಾವ ರೂಪದಲ್ಲಿ ಕೊಡಬೇಕೆಂಬ ಪಟ್ಟಿ. ನಮ್ಮ ಅಡಿಗೆ ಪುಟವೇ ಅನ್ನಿ!

ರೈಲು ಹುಡುಕುವ ಸಲಕರಣೆಗೆ ಅವಳು ಬರೆದ ಚೀಟಿಯನ್ನು ತೋರಿಸಿದಳು. ಮೊದಲು "ದಿನಾಂಕ ಕೊಡಿ" ಎಂದಷ್ಟೇ ಇತ್ತಂತೆ. 5-6 ಎಂದರೆ ನಮಗೆ ಜೂನ್ ಐದು, ಅಮೆರಿಕದವರಿಗೆ ಮೇ ಆರು. ಆದ್ದರಿಂದ "ವರ್ಷ, ತಿಂಗಳು, ದಿನ, 2026-06-05 ಎಂಬಂತೆ" ಎಂದು ತಿದ್ದಿದ್ದಳು. "ಇದು ರೈಲು ಹುಡುಕಲು ಮಾತ್ರ, ಟಿಕೇಟು ಕಾದಿರಿಸದು" ಎಂದೂ ಇತ್ತು. ಟಿಕೇಟು ರದ್ದು ಮಾಡುವ ಸಲಕರಣೆಗೆ ಬೇರೆಯೇ ಎಚ್ಚರಿಕೆ: "ಮಾಡಿದ ಮೇಲೆ ಹಿಂದಕ್ಕೆ ಬಾರದು. ಮೊದಲು ಟಿಕೇಟಿನವರನ್ನು ಕೇಳು."

"ರೈಲೇ ಸಿಗದಿದ್ರೆ?" ಅಂದೆ.

"ತಪ್ಪಾಗಿದೆ ಅಂತ ಬರತ್ತೆ."

"ಅಷ್ಟೇನಾ? ಒಗ್ಗರಣೆ ಸೀದ್ರೆ ಸೀದಿದೆ ಅಂದ್ರಾಯ್ತಾ? ಮುಂದೇನ್ ಮಾಡ್ಬೇಕು ಹೇಳ್ಬೇಡ್ವಾ?"

ಮಗಳು ನನ್ನ ಮುಖ ನೋಡಿ, ಅಲ್ಲೇ ತಿದ್ದಿದಳು: "ಈ ದಿನ ಅಂಕೋಲೆಯಿಂದ ರೈಲಿಲ್ಲ. ಮರುದಿನ ನೋಡು, ಇಲ್ಲವೇ ಕಾರವಾರ ನಿಲ್ದಾಣದಿಂದ ಹುಡುಕು." ಮೂವತ್ತು ವರ್ಷ ಒಲೆಯ ಮುಂದೆ ನಿಂತದ್ದು ಕಂಪ್ಯೂಟರಿಗೂ ಉಪಯೋಗಕ್ಕೆ ಬಂತಲ್ಲ ಎಂದು ನನಗೆ ಹೆಮ್ಮೆಯಾಗದೆ ಇರಲಿಲ್ಲ.

ಆ ಹುರುಪಿನಲ್ಲಿ ಮೂರು ಪುಟದ ಹೊಸ ಚೀಟಿ ಬರೆದೆ. ಮಗಳು ನಕ್ಕಳು. ಏಜೆಂಟಿಗೂ ಬೇಕಾದ್ದು ಬೇಡದ್ದು ಎಲ್ಲ ಓದಿಸಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದಂತೆ. ತುಳಸಿ, ಬೆಕ್ಕು ಬೇರೆ ಕಾಗದಕ್ಕೆ ಹೋದವು. ಗುಳಿಗೆಗೆ ಉಳಿದದ್ದು ಇಷ್ಟು: "ಸಕ್ಕರೆ ಕಾಯಿಲೆಯ ಬಿಳಿ ಗುಳಿಗೆ. ದಿನಕ್ಕೆ ಒಂದೇ. ಬೆಳಿಗ್ಗೆ ಎಂಟಕ್ಕೆ, ಗಂಜಿಗೆ ಮೊದಲು. ಮಧ್ಯಾಹ್ನ, ರಾತ್ರಿ ಕೊಡಬಾರದು. ಕೊಟ್ಟೊಡನೆ ಕ್ಯಾಲೆಂಡರಿನಲ್ಲಿ ಗೀಟು ಹಾಕು. ಬೆವರು, ನಡುಕ ಕಂಡರೆ, ಎಚ್ಚರವಿದ್ದರೆ ಸಕ್ಕರೆ ನೀರು ಕೊಟ್ಟು ಕೂಡಲೇ ಫೋನು ಮಾಡು." ಡಾಕ್ಟರಿಗೂ ತೋರಿಸಿದೆ, ಸರಿಯಿದೆ ಅಂದರು.

ಇಷ್ಟಾದರೂ ಮನುಷ್ಯಳನ್ನು ಯಂತ್ರದ ಜೊತೆ ತೂಗಿದ್ದು ನನಗೆ ಅಷ್ಟು ಸರಿಬರಲಿಲ್ಲ. ಕೆಲಸದಾಕೆಯನ್ನು ಕರೆದು, ತಪ್ಪು ನನ್ನದು ಎಂದು ಹೇಳಿ, ಚೀಟಿ ಕೈಗಿತ್ತು, ಗೊತ್ತಾಗದ್ದು ಏನಿದ್ದರೂ ಕೇಳು ಅಂದೆ. ಅವಳು ಎರಡು ಸಲ ನಿಧಾನವಾಗಿ ಓದಿದಳು.

"ಅಕ್ಕಾ, ಅಜ್ಜಿ ಗಂಜಿ ಬ್ಯಾಡ ಅಂದ್ ದಿನ?"

ನಾನು ಮಗಳನ್ನು ನೋಡಿದೆ, ಮಗಳು ನನ್ನನ್ನು. ಇಬ್ಬರಿಗೂ ಹೊಳೆದಿರಲಿಲ್ಲ. ಡಾಕ್ಟರನ್ನು ಮತ್ತೆ ಕೇಳಿ ಕೆಳಗೆ ಒಂದು ಸಾಲು ಸೇರಿಸಿದೆ: "ಗಂಜಿ ಉಣ್ಣದಿದ್ದರೆ ಗುಳಿಗೆ ಕೊಡಬೇಡ, ನನಗೆ ಫೋನು ಮಾಡು." ಫ್ರಿಜ್ಜಿಗೆ ಅದನ್ನು ಅಂಟಿಸಿದವಳು ಅವಳೇ.