ಅಂತೇವಾಸಿಯ ಬಿಡಾರ

ಸಂಸ್ಕೃತದಲ್ಲಿ ವಿದ್ಯಾರ್ಥಿಗಿರುವ ಹೆಸರುಗಳಲ್ಲಿ ಎರಡು ವಿಚಾರಮಾಡತಕ್ಕವಾಗಿವೆ. ಒಂದು ‘ಅಂತೇವಾಸಿ’, ಸಮೀಪದಲ್ಲಿ ವಾಸಮಾಡುವವನೆಂದು ಅದರ ಅರ್ಥ. ಇನ್ನೊಂದು ‘ಛಾತ್ರ’; ಗುರುವೆಂಬ ಕೊಡೆಯ ಮರೆಯಲ್ಲಿರುವವನೆಂದು ವೈಯಾಕರಣರು ಅದನ್ನು ವಿವರಿಸುತ್ತಾರೆ. ಓದುವವನೆಂಬ ಭಾವಕ್ಕಿಂತಲೂ ಮೊದಲು, ಒಂದೆಡೆ ನೆಲಸಿರುವವನೆಂಬ ಭಾವವು ಈ ಎರಡು ಮಾತುಗಳಲ್ಲಿಯೂ ಅಡಗಿದೆ. ತಲೆಯ ಮೇಲೆ ಸೂರಿಲ್ಲದವನಿಗೆ ವಿದ್ಯೆಯು ದುರ್ಲಭವೆಂಬುದನ್ನು ಪೂರ್ವಿಕರು ಹೆಸರಿಡುವಾಗಲೇ ಅರಿತಿದ್ದರೆಂದು ತೋರುತ್ತದೆ.

ಮುಳಬಾಗಿಲು ಸೀಮೆಗೆ ಈ ವಿಷಯವು ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ವ್ಯಾಸತೀರ್ಥರು ಶ್ರೀಪಾದರಾಜರ ಬಳಿ ಶಾಸ್ತ್ರವ್ಯಾಸಂಗಕ್ಕೆಂದು ಬಂದು ನೆಲಸಿದುದು ಮುಳಬಾಗಿಲಿನಲ್ಲಿಯೇ. ಮುಂದೆ ಕಾಲವು ತಿರುಗಿತು. ಈ ಸೀಮೆಯ ಹುಡುಗರೇ ವಿದ್ಯೆಗಾಗಿ ಊರು ಬಿಡಬೇಕಾಯಿತು. ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಾದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಬೆಂಗಳೂರಿನಲ್ಲಿದ್ದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅಷ್ಟು ಅನುಕೂಲವೂ ಇಲ್ಲದ ಬಡ ಹುಡುಗರಿಗೆ ವಾರಾನ್ನವೇ ಗತಿ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ರಾತ್ರಿ ಯಾವುದೋ ಜಗಲಿಯ ಮೇಲೆ ಮಲಗಿ ಓದಿದವರು ಅಸಂಖ್ಯಾತರು. ಪರರ ಮಕ್ಕಳಿಗೆ ಎಲೆ ಹಾಕಿ ಬಡಿಸಿದ ತಾಯಂದಿರ ಪುಣ್ಯವು ದೊಡ್ಡದು. ಆದರೆ ಆ ಎಲೆಯ ಮುಂದೆ ಕೂಡುವುದಕ್ಕೆ ಮುನ್ನ ಹುಡುಗನ ಕುಲವು ವಿಚಾರಿಸಲ್ಪಡುತ್ತಿತ್ತೆಂಬುದನ್ನು ಮರೆಯಲಾಗದು. ಏಳು ಮನೆಗಳಲ್ಲಿ ಒಂದೂ ತೆರೆಯದ ಹುಡುಗರೂ ಇದ್ದರು.

ಈ ಮಾತಿಗೆ ಡಾಕ್ಟರ್ ಅಂಬೇಡಕರರ ಚರಿತ್ರೆಗಿಂತ ಬೇರೆ ನಿದರ್ಶನ ಬೇಕಿಲ್ಲ. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದಾಗ ವಿದ್ಯಾರ್ಥಿನಿಲಯದಲ್ಲಿ ಸಹಪಾಠಿಗಳ ನಡುವೆ ವಾಸವು ದೊರೆಯಿತು. ಅದೇ ವಿದ್ವಾಂಸರು 1917ರಲ್ಲಿ ಉದ್ಯೋಗಕ್ಕಾಗಿ ಬರೋಡೆಗೆ ಬಂದಾಗ ತಂಗಲು ಕೋಣೆ ಸಿಕ್ಕಲಿಲ್ಲ. ಪಾರಸಿಯವರ ವಸತಿಗೃಹವೊಂದರಲ್ಲಿ ಪಾರಸಿ ಹೆಸರನ್ನು ಇಟ್ಟುಕೊಂಡು ಕೆಲವು ದಿನ ಕಳೆದರು. ಕುಲವು ತಿಳಿದೊಡನೆ ದೊಣ್ಣೆ ಹಿಡಿದವರ ಗುಂಪು ಬಂದು ಅವರನ್ನು ಹೊರಡಿಸಿತು. ಮುಂದೆ ಲಂಡನ್ನಿನಲ್ಲಿ 1921-22ರಲ್ಲಿ ಅವರು ವಾಸವಾಗಿದ್ದ ಕಿಂಗ್ ಹೆನ್ರಿ ರಸ್ತೆಯ 10ನೆಯ ಸಂಖ್ಯೆಯ ಮನೆಯನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಕೊಂಡು ಸ್ಮಾರಕವನ್ನಾಗಿ ಮಾಡಿತು.

ಪರದೇಶದವರೆಲ್ಲರೂ ಸಮದರ್ಶಿಗಳೆಂದು ಇದರಿಂದ ತಿಳಿಯಬಾರದು. ಮೈಬಣ್ಣವನ್ನು ನೋಡಿ ಬಾಗಿಲು ಮುಚ್ಚುವ ಮನೆಗಳು ಇಂಗ್ಲೆಂಡಿನಲ್ಲಿ ಹೇರಳವಾಗಿದ್ದುವು. ಬಣ್ಣದ ಕಾರಣದಿಂದ ಮನೆ ನಿರಾಕರಿಸುವುದು ಅಲ್ಲಿ ಕಾನೂನಿಗೆ ವಿರುದ್ಧವೆನಿಸಿದ್ದು 1968ರಲ್ಲಿ. ಮನೆಯ ಯಜಮಾನನ ಮನಸ್ಸು ಕರಗಲೆಂದು ಕಾದಿದ್ದರೆ ಇನ್ನೂ ಎಷ್ಟು ಕಾಲ ಸಲ್ಲುತ್ತಿತ್ತೋ!

ಈಗಿನ ಮಾತಿಗೆ ಬರಬಹುದು. ಆಂಧ್ರದ ಗಡಿಯ ಸಮೀಪದ ಬೈರಕೂರಿನಿಂದ, ಟೊಮೇಟೊ ಬೆಳೆದು ರೇಷ್ಮೆಹುಳು ಸಾಕುವ ಮನೆಯ ಹುಡುಗನೊಬ್ಬನು ಜರ್ಮನಿಗೆ ಓದಲು ಹೊರಟನೆನ್ನಿ. ತಂದೆಯು ಬ್ಯಾಂಕಿನಲ್ಲಿ ಸಾಲ ಮಾಡಿ, ವರ್ಷದ ಜೀವನವೆಚ್ಚಕ್ಕೆಂದು 2024ರಲ್ಲಿ ಗೊತ್ತಾದ 11,904 ಯೂರೋಗಳನ್ನು ತಡೆಹಿಡಿದ ಖಾತೆಯಲ್ಲಿ ಇಡಿಸಿದ್ದಾನೆ. ತಿಂಗಳಿಗೆ ಕೈಗೆ ಬರುವುದು 992 ಯೂರೋ. ಊಟ, ವಿಮೆ, ಬಾಡಿಗೆ ಎಲ್ಲವೂ ಇದರಲ್ಲಿಯೇ ಸಾಗಬೇಕು. ವಿದ್ಯಾರ್ಥಿನಿಲಯಗಳಲ್ಲಿ ಬಾಡಿಗೆ ಕಡಮೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳುಗಟ್ಟಲೆ ಸರದಿ ಕಾಯಬೇಕು. ಹೊರಗೆ ಕೋಣೆ ಹಿಡಿದರೆ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಠೇವಣಿ ಕೇಳಬಹುದು. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಉಂಟು. ಮನೆ ಹೊಕ್ಕ ಎರಡು ವಾರಗಳೊಳಗೆ ಮನೆಯವನಿಂದ ಬರೆಸಿಕೊಂಡ ಪತ್ರವನ್ನು ತೋರಿಸಿ ನಗರದ ಕಚೇರಿಯಲ್ಲಿ ವಿಳಾಸವನ್ನು ದಾಖಲು ಮಾಡಿಸಬೇಕು. ಆ ಪತ್ರವನ್ನು ಕೊಡದ ಮನೆ ಅಗ್ಗವಾದರೂ ಅನರ್ಥಕ್ಕೆ ಮೂಲ.

ಇಂತಹ ಅವಸರವನ್ನೇ ಕಾದಿರುವ ವಂಚಕರೂ ಇದ್ದಾರೆ. ಚೆಂದದ ಚಿತ್ರಗಳನ್ನು ತೋರಿಸಿ, ತಾನು ಪರಸ್ಥಳದಲ್ಲಿರುವೆನೆಂದು ಹೇಳಿ, ಠೇವಣಿಯನ್ನು ಮೊದಲು ಕಳುಹಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳುಹಿಸುವೆನೆಂಬವನನ್ನು ನಂಬಲಾಗದು. ಪ್ರವೇಶಪತ್ರವು ಬಂದ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕುವುದು, ಮೊದಲ ಕೆಲವು ವಾರಗಳಿಗೆ ತಾತ್ಕಾಲಿಕ ತಂಗುದಾಣವನ್ನು ಗೊತ್ತುಮಾಡಿಕೊಳ್ಳುವುದು, ಕೋಣೆಯನ್ನು ಕಂಡು ಕರಾರನ್ನು ಓದಿದ ಮೇಲೆಯೇ ಹಣ ಕೊಡುವುದು ವಿವೇಕ. ಸ್ವತಃ ಹೋಗಲಾಗದಿದ್ದರೆ, ಅಲ್ಲಿ ಮೊದಲೇ ಓದುತ್ತಿರುವ ಪರಿಚಿತರು ಹೋಗಿ ನೋಡಿಬರಲಿ. ಮನೆಗಳ ಅಭಾವವು ರಾಜ್ಯಗಳನ್ನೂ ಚಿಂತೆಗೆ ಈಡುಮಾಡಿದೆ. ಕೆನಡಾ ದೇಶವು 2024ರ ಜನವರಿಯಲ್ಲಿ ವಿದೇಶೀ ವಿದ್ಯಾರ್ಥಿಗಳ ಪರವಾನಗಿಗಳಿಗೆ ಮಿತಿ ಹಾಕಿದುದಕ್ಕೆ ಹೇಳಿದ ಕಾರಣಗಳಲ್ಲಿ ವಸತಿಯ ಒತ್ತಡವೂ ಒಂದು. ಹೀಗಿರಲಾಗಿ ಮಗನನ್ನು ಕಳುಹಿಸುವ ತಂದೆತಾಯಿಗಳು ಕಾಲೇಜಿನ ಶುಲ್ಕವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಕೋಣೆಯ ಬಾಡಿಗೆಯನ್ನೂ ವಿಚಾರಿಸಬೇಕು.

ಕರಾರಿನ ಮನೆಯಲ್ಲಿ ವಾರಾನ್ನದ ಮನೆಯ ವಾತ್ಸಲ್ಯವಿಲ್ಲವೆಂದು ಹಿರಿಯರು ಮರುಗುವುದುಂಟು, ಮರುಗುವುದು ನ್ಯಾಯವೇ. ಜ್ವರ ಬಂದಾಗ ಗಂಜಿ ಕಾಸಿ ಕೊಡಬೇಕೆಂದು ಯಾವ ಕರಾರಿನಲ್ಲಿಯೂ ಬರೆದಿಲ್ಲ. ಆದರೆ ಆ ಕಾಗದವು ಹಣವನ್ನು ಕೇಳುವುದೇ ಹೊರತು ಕುಲವನ್ನು ಕೇಳುವುದಿಲ್ಲ. ವಾತ್ಸಲ್ಯದಿಂದ ತೆರೆದ ಅನೇಕ ಬಾಗಿಲುಗಳಿಗೆ ಈ ಗುಣವಿರಲಿಲ್ಲ.

ಮಗನು ಪರದೇಶದ ಬೀದಿಯಲ್ಲಿ ಕೋಣೆ ಹುಡುಕುವಾಗ, ಅವನ ಬಣ್ಣವನ್ನೂ ಹೆಸರನ್ನೂ ಎಣಿಸದೆ ಯಾರಾದರೂ ಬಾಗಿಲು ತೆರೆಯಲೆಂದು ಇಲ್ಲಿಯ ತಾಯಿತಂದೆಗಳು ದೇವರಲ್ಲಿ ಬೇಡಿಕೊಳ್ಳುತ್ತಾರೆ. ಅದೇ ವೇಳೆಯಲ್ಲಿ ಹಳ್ಳಿಯಿಂದ ಕಾಲೇಜಿಗೆಂದು ಬಂದ ಹುಡುಗನೊಬ್ಬನು ಕೋಲಾರದಲ್ಲಿಯೋ ಬೆಂಗಳೂರಿನಲ್ಲಿಯೋ ಬಾಡಿಗೆಗೆ ಇರುವ ಕೋಣೆಯನ್ನು ಕೇಳಿದರೆ, ‘ನೀವು ಯಾವ ಜನ?’ ಎಂಬ ಪ್ರಶ್ನೆಯು ಇಂದಿಗೂ ಬಾಗಿಲಲ್ಲಿ ನಿಂತಿರುತ್ತದೆ. ಬೇಡಿಕೊಳ್ಳುವ ಮನೆಗಳು ಮೊದಲು ಆ ಪ್ರಶ್ನೆಯನ್ನು ಬಿಡಬೇಕು. ಓದಲು ಬಂದವನ ಊರು, ಓದು, ಬಾಡಿಗೆ ಕೊಡುವ ಶಕ್ತಿ, ಇಷ್ಟನ್ನು ಕೇಳಿ ಬೀಗದ ಕೈಯನ್ನು ಕೊಟ್ಟರೆ ಸಾಕು. ಅಂತೇವಾಸಿಗೆ ಸಲ್ಲಬೇಕಾದ ಗೌರವವು ಸಂದಂತಾಗುತ್ತದೆ.