ತಾತನ ಮರಳುಗಾಡು

ಮಳೆಗಾಲ ಮುಗಿದು ನಾಲ್ಕು ದಿನ ಒಳ್ಳೆಯ ಬಿಸಿಲು ಬಿದ್ದರೆ ಸಾಕು, ತಾತನ ಟ್ರಂಕನ್ನು ಹಜಾರಕ್ಕೆ ಎಳೆದುಕೊಂಡು ಕೂರುತ್ತೇನೆ. ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆಯ ವಾಸನೆ. ಆಮೇಲೆ ಪಿಂಚಣಿ ಪುಸ್ತಕ, ರಿಬ್ಬನ್ನು ಮಾಸಿದ ಪದಕಗಳು, ಅಜ್ಜಿ ಮಡಿಸಿಟ್ಟ ಹಾಗೇ ಇರುವ ಒಂದು ಖಾಕಿ ಅಂಗಿ. ಎಲ್ಲದರ ತಳದಲ್ಲಿ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಹತ್ತೊಂಬತ್ತು ಫೋಟೋಗಳು. ತೇವ ಹಿಡಿಯದಿರಲಿ ಎಂದು ಅವನ್ನು ನೆರಳಿನಲ್ಲಿ ಹರಡಿ ಗಾಳಿಗಿಡುವುದು ನೆಪ. ನೋಡುತ್ತಾ ಕೂತರೆ ಒಂದು ಮಧ್ಯಾಹ್ನ ಪೂರ್ತಿ ಕಳೆದುಹೋಗುತ್ತದೆ.

ತಾತ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದ ಸಿಪಾಯಿ. ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಮುಗಿಸಿ, 12ನೇ ಫೀಲ್ಡ್ ಕಂಪನಿ ಸೇರಿ, ಎರಡನೆಯ ಮಹಾಯುದ್ಧದಲ್ಲಿ 4ನೇ ಭಾರತೀಯ ಡಿವಿಷನ್ನಿನ ಜೊತೆ ಈಜಿಪ್ಟು, ಲಿಬಿಯಾಗಳ ಮರಳುಗಾಡಿಗೆ ಹೋದವರು. ಕೈರೋದಲ್ಲಿ ಯಾರಿಂದಲೋ ಹಳೆಯ ಬಾಕ್ಸ್ ಕ್ಯಾಮೆರಾ ಕೊಂಡರಂತೆ. ಒಂದು ರೋಲಿಗೆ ಎಂಟೇ ಚಿತ್ರ. ದೊಡ್ಡದು ಮಾಡಿಸುವುದಕ್ಕೆ ದುಡ್ಡು ಬೇಕಲ್ಲ, ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಳತೆಯ ಪ್ರಿಂಟು; ಹೆಚ್ಚುಕಡಿಮೆ ಒಂದು ಇಸ್ಪೀಟೆಲೆಯಷ್ಟು. ಅದಕ್ಕೇ ನನ್ನ ಪಕ್ಕದಲ್ಲಿ ಯಾವಾಗಲೂ ಒಂದು ಭೂತಗನ್ನಡಿ.

ಎಂಟು ಚಿತ್ರಗಳಲ್ಲಿ ಆಕಾಶದ ಒಂದೇ ಜಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಹಾದುಹೋಗಿದೆ. ಚಿಕ್ಕಂದಿನಲ್ಲಿ ಅದನ್ನು ಟೆಲಿಗ್ರಾಫ್ ತಂತಿ ಅಂದುಕೊಂಡಿದ್ದೆ. ಕ್ಯಾಮೆರಾದೊಳಗೆ ಹೊಕ್ಕ ಮರಳಿನ ಕಣವೊಂದು, ತಾತ ಕೀಲಿ ತಿರುಗಿಸಿದಂತೆಲ್ಲ ಫಿಲ್ಮನ್ನು ಗೀರುತ್ತಾ ಬಂದಿದೆ. ಆ ಗೆರೆಯ ಮೇಲೆ ಕಣ್ಣಾಡಿಸುವಾಗ ಅಲ್ಲಿಯ ಬಿಸಿಗಾಳಿ ಮುಖಕ್ಕೆ ಬೀಸಿದಂತಾಗುತ್ತದೆ.

ನನಗೆ ಬಹಳ ಪ್ರೀತಿಯದು ಚಹಾದ ಚಿತ್ರ. ಲಾರಿಯ ನೆರಳಿನಲ್ಲಿ ಮೂವರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ನಡುವೆ ಅರ್ಧಕ್ಕೆ ಕತ್ತರಿಸಿದ ಪೆಟ್ರೋಲ್ ಡಬ್ಬಿ. ಕಡ್ಡಿಪುಳ್ಳೆಯೂ ಸಿಗದ ನೆಲ ಅದು. ಡಬ್ಬಿಗೆ ಮರಳು ತುಂಬಿ, ಮೇಲೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟರೆ ಅದೇ ಒಲೆ. ಚಹಾ ಕುದಿಯುವಷ್ಟು ಹೊತ್ತು ಉರಿಯುತ್ತದೆ. ಕುಡಿಯಲು, ಬೇಯಿಸಲು, ಮೈ ಒರೆಸಿಕೊಳ್ಳಲು ಎಲ್ಲಕ್ಕೂ ಸೇರಿ ಒಬ್ಬನಿಗೆ ದಿನಕ್ಕೆ ಒಂದೇ ಗ್ಯಾಲನ್, ಅಂದರೆ ನಾಲ್ಕೂವರೆ ಲೀಟರು ನೀರು ಸಿಗುತ್ತಿದ್ದ ಎಷ್ಟೋ ದಿನಗಳಿದ್ದವು. ಅದರಲ್ಲೇ ಚಹಾಕ್ಕೆಂದು ಉಳಿಸಿಟ್ಟ ನೀರು ಅದು. ಮೂವರ ಕಣ್ಣೂ ಪಾತ್ರೆಯ ಮೇಲಿದೆ, ಕ್ಯಾಮೆರಾದ ಕಡೆ ಒಬ್ಬರೂ ನೋಡುತ್ತಿಲ್ಲ.

ಅವರ ತೋಳಿನ ಮೇಲೆ ಚೌಕದ ಬಿಲ್ಲೆಯಿದೆ. ಭೂತಗನ್ನಡಿ ಹಿಡಿದರೂ ಬರೀ ಕಪ್ಪು. ಆ ಡಿವಿಷನ್ನಿನ ಗುರುತು ಕಪ್ಪು ಬಟ್ಟೆಯ ಮೇಲೆ ರೆಕ್ಕೆ ಬಿಚ್ಚಿದ ಕೆಂಪು ಹದ್ದು. ಆಗಿನ ಸಾಮಾನ್ಯ ಫಿಲ್ಮುಗಳಿಗೆ ಕೆಂಪು ಬಣ್ಣ ಹತ್ತುತ್ತಿರಲಿಲ್ಲ; ಕೆಂಪೆಲ್ಲ ಕಪ್ಪಾಗಿಯೇ ಮೂಡುತ್ತಿತ್ತು. ಕಪ್ಪಿನೊಳಗೆ ಕೆಂಪು ಕರಗಿ ಹದ್ದು ಮಾಯವಾಗಿದೆ. ಹಕ್ಕಿ ಅಲ್ಲೇ ಇದೆ ಎಂದು ಗೊತ್ತಾದ ಮೇಲೆ ಆ ಕಪ್ಪು ಚೌಕವನ್ನು ನೋಡದೆ ಈ ಚಿತ್ರವನ್ನು ಕೆಳಗಿಡಲು ನನಗಾಗುವುದಿಲ್ಲ.

ಹತ್ತೊಂಬತ್ತರಲ್ಲಿ ಒಂದರಲ್ಲೂ ಯುದ್ಧವಿಲ್ಲ. ಹಾಗೆಂದು ತಾತನ ಕೆಲಸ ಸಾಮಾನ್ಯದ್ದಾಗಿರಲಿಲ್ಲ. ಈಜಿಪ್ಟಿನ ಅಲಮೇನಿನ ಎದುರು ಜರ್ಮನ್ನರೂ ಇಟಲಿಯವರೂ ಸುಮಾರು ಐದು ಲಕ್ಷ ಮೈನುಗಳನ್ನು ಹೂತಿದ್ದರು. ಎಲ್ಲರಿಗಿಂತ ಮುಂದೆ ತೆವಳಿಕೊಂಡು ಹೋಗಿ, ಬಯನೆಟ್ಟಿನ ಮೊನೆಯಿಂದ ಮರಳನ್ನು ಓರೆಯಾಗಿ ಚುಚ್ಚಿ ನೋಡುತ್ತಾ ದಾರಿ ಬಿಡಿಸಬೇಕಾದವರು ಸ್ಯಾಪರುಗಳು. 1942ರ ಅಕ್ಟೋಬರ್ 23ರ ರಾತ್ರಿ ಆ ದೊಡ್ಡ ಕದನ ಶುರುವಾದಾಗ ತಾತನ ಡಿವಿಷನ್ ರುವೈಸಾತ್ ದಿಣ್ಣೆಯ ಮೇಲಿತ್ತು. ಅಲಮೇನ್ ಎಂದರೆ ಜಗತ್ತಿನ ಕಣ್ಣಿಗೆ ಕಟ್ಟುವುದು ಬೇರೊಂದು ಚಿತ್ರ: ಹೊಗೆಯ ನಡುವೆ ಬಂದೂಕು ಹಿಡಿದು ಮುನ್ನುಗ್ಗುವ ಆಸ್ಟ್ರೇಲಿಯಾದ ಸೈನಿಕರು. ಬ್ರಿಟಿಷ್ ಸೇನೆಯ ಛಾಯಾಗ್ರಾಹಕ ಲೆನ್ ಚೆಟ್ವಿನ್ ತೆಗೆದದ್ದು. ಅದು ಕ್ಯಾಮೆರಾಕ್ಕಾಗಿ ಓಡಿಸಿ ತೆಗೆದ ಚಿತ್ರ ಎಂದು ಆಮೇಲೆ ತಿಳಿಯಿತು. ಅವರನ್ನು ನಾನು ದೂರುವುದಿಲ್ಲ, ಕದನ ತೋರಿಸುವುದೇ ಅವರ ಉದ್ಯೋಗವಾಗಿತ್ತು. ತಾತನಿಗೆ ಆ ಹಂಗಿರಲಿಲ್ಲ. ಎಂಟೇ ಚಿತ್ರದ ರೋಲನ್ನು ಅವರು ಚಹಾಕ್ಕೆ, ಹೆಲ್ಮೆಟ್ಟಿನಲ್ಲಿ ನೀರು ಹಿಡಿದು ಮುಖ ತೊಳೆಯುವ ಗೆಳೆಯನಿಗೆ, ಹಗ್ಗದ ಮೇಲೆ ಒಣಗುವ ಬನಿಯನ್ನುಗಳಿಗೆ ಖರ್ಚು ಮಾಡಿದರು. ನನಗೆ ಅವೇ ಹೆಚ್ಚು ನಿಜ. ಹೆದರಿಕೆಯ ಮಧ್ಯೆ ಮನುಷ್ಯ ಯಾವುದನ್ನು ಕಾಪಾಡಿಕೊಳ್ಳಲು ನೋಡುತ್ತಾನೆ ಎಂಬುದು ಆ ಬನಿಯನ್ನುಗಳಲ್ಲಿದೆ.

ಫೋಟೋಗಳ ಬೆನ್ನಿಗೆ ಪೆನ್ಸಿಲಿನ ಬರಹವಿದೆ, ಊರಿನ ಹೆಸರಿಲ್ಲ. ಕಾಗದಗಳನ್ನು ಸೆನ್ಸಾರಿನವರು ಓದುತ್ತಿದ್ದರಲ್ಲ. ‘ನಾನು ಹುಷಾರು’, ‘ಇಲ್ಲಿ ಚಳಿ ಜಾಸ್ತಿ’. ಚಹಾದ ಚಿತ್ರದ ಹಿಂದೆ ಮೂರು ಹೆಸರುಗಳಿವೆ. ಅಜ್ಜಿ ಎರಡರ ಮೇಲೆ ಬೆರಳಿಟ್ಟು ಅವರ ಊರು, ಮಕ್ಕಳು, ಮದುವೆ ಎಲ್ಲ ಹೇಳುತ್ತಿದ್ದರು. ಮೂರನೆಯದಕ್ಕೆ ಬಂದಾಗ, “ಅವನು ಬರಲಿಲ್ಲ ಕಣಪ್ಪ” ಎಂದಷ್ಟೇ ಹೇಳಿ ಫೋಟೋ ಮಗುಚಿಡುತ್ತಿದ್ದರು. ಅಲಮೇನಿನ ಯುದ್ಧ ಸ್ಮಶಾನದಲ್ಲಿ ಗೋರಿಗಳ ಸಾಲಿನ ಜೊತೆಗೆ ಒಂದು ದಹನ ಸ್ಮಾರಕವೂ ಇದೆ. ತಮ್ಮ ಧರ್ಮದಂತೆ ಬೆಂಕಿಗೆ ಸಂದ ಆರುನೂರಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಚಹಾ ಕಾಯಿಸಲೂ ಕಟ್ಟಿಗೆಯಿಲ್ಲದ ಆ ನೆಲದಲ್ಲಿ ಜೊತೆಗಾರನಿಗೆ ಚಿತೆ ಒದಗಿಸಿದವರನ್ನು ನೆನೆದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ.

ತಾತ ಮಾತ್ರ ಯಾವ ಚಿತ್ರದಲ್ಲೂ ಇಲ್ಲ ಎಂದೇ ನಾನು ತಿಳಿದಿದ್ದೆ. ಕೊನೆಯದೊಂದರಲ್ಲಿ ಬರೀ ಮರಳು, ದೂರದಲ್ಲಿ ಒಂದು ಲಾರಿ. ಬಾಕ್ಸ್ ಕ್ಯಾಮೆರಾದಲ್ಲಿ ತೆಗೆಯುವಾಗ ಸೂರ್ಯ ಬೆನ್ನಿಗಿರಬೇಕು, ಹಾಗಾಗಿ ಹೊತ್ತು ಇಳಿದಾಗ ತೆಗೆದವನ ನೆರಳೂ ಚಿತ್ರದೊಳಗೆ ಚಾಚಿಕೊಳ್ಳುತ್ತದೆ. ಕ್ಯಾಮೆರಾ ಹೊಟ್ಟೆಯ ಹತ್ತಿರ, ತಲೆ ಬಾಗಿದೆ, ಮೊಣಕೈಗಳು ಎರಡೂ ಪಕ್ಕಕ್ಕೆ. ಈ ಫೋಟೋವನ್ನು ಅಜ್ಜಿ ಮಿಕ್ಕವುಗಳ ಜೊತೆ ಇಡುತ್ತಿರಲಿಲ್ಲ, ಅರಿಶಿನ ಹತ್ತಿದ ಒಂದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಯಾಕಜ್ಜಿ, ಇದರಲ್ಲಿ ಯಾರೂ ಇಲ್ಲವಲ್ಲ ಎಂದು ಒಮ್ಮೆ ಕೇಳಿದೆ. ಅವರು ನೆರಳಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಸರಿಯಾಗಿ ನೋಡೋ. ಸೂಜಿಗೆ ದಾರ ಪೋಣಿಸೋವಾಗಲೂ ಹಿಂಗೇ ನಿಂತ್ಕೋತಿದ್ರು.”